ಕಾರಿನ ಗಾಜು ಒಳಗಿನಿಂದ ಬೆವರುತ್ತಿದೆಯಾ? ಮೊದಲು ನೀರು ಎಲ್ಲಿದೆ ಹುಡುಕಿ

ಪ್ರಶ್ನೆ: ನನ್ನದು ಏಳು ವರ್ಷದ ಹ್ಯಾಚ್‌ಬ್ಯಾಕ್ ಕಾರು. ಒಂದೂವರೆ ತಿಂಗಳಿಂದ ಬೆಳಗ್ಗೆ ಬಾಗಿಲು ತೆಗೆದರೆ ಎಲ್ಲ ಗಾಜುಗಳೂ ಒಳಗಡೆ ಮಂಜು ಕಟ್ಟಿರುತ್ತವೆ. ಮುಂದಿನ ಗಾಜಿನಲ್ಲಂತೂ ಹನಿ ಇಳಿಯುತ್ತಿರುತ್ತದೆ. ಒರೆಸಿಕೊಂಡು ಹೊರಟರೆ ಐದು ನಿಮಿಷಕ್ಕೆ ಮತ್ತೆ ಮಬ್ಬು. ಒಳಗೆ ಮುಗ್ಗಲು ವಾಸನೆ ಬೇರೆ. ಸಿಲಿಕಾ ಜೆಲ್ ಚೀಲ ಇಟ್ಟೆ, ಎಸಿ ಗ್ಯಾಸ್ ತುಂಬಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಕಾಲಿಡುವ ಜಾಗದ ಕಾರ್ಪೆಟ್ ಮುಟ್ಟಿ ನೋಡಿದರೆ ಒಣಗಿಯೇ ಇದೆ. ಏನಾಗಿರಬಹುದು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಗಾಜು ಒದ್ದೆ ಇರುತ್ತದೆ ಅಂದಿರಿ. ರಾತ್ರಿಯೆಲ್ಲ ಆ ಕಾರಿನಲ್ಲಿ ಯಾರೂ ಕೂತಿರಲಿಲ್ಲ, ಯಾರೂ ಉಸಿರು ಬಿಟ್ಟಿಲ್ಲ. ಆದರೂ ಹನಿ ಇಳಿಯುವಷ್ಟು ನೀರು ಗಾಜಿಗೆ ಬಂದಿದೆ ಅಂದರೆ ಆ ನೀರು ಮೊದಲೇ ಕಾರಿನೊಳಗೆ ಎಲ್ಲೋ ಕೂತಿತ್ತು. ಗಾಜು ಅದನ್ನು ತೋರಿಸುತ್ತಿದೆ ಅಷ್ಟೇ. ಹಾಗಾಗಿ ಗಾಜಿಗೆ ಏನು ಹಚ್ಚಬೇಕು, ಎಸಿಗೆ ಇನ್ನೇನು ಮಾಡಿಸಬೇಕು ಅನ್ನುವುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀರು ಎಲ್ಲಿದೆ, ಎಲ್ಲಿಂದ ಬಂತು ಅನ್ನುವುದು ಗೊತ್ತಾಗಲಿ.

ಎಷ್ಟು ನೀರು ಸಾಕು ಅಂತ ಒಂದು ಲೆಕ್ಕ ಹೇಳುತ್ತೇನೆ. ಸಣ್ಣ ಕಾರಿನೊಳಗೆ ಸುಮಾರು 3 ಘನ ಮೀಟರ್ ಗಾಳಿ ಇರುತ್ತದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಿನ ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ ಮಾತ್ರ. ಅಂದರೆ ತೇವ ತುಂಬಿದ ಕಾರು ರಾತ್ರಿ ಹತ್ತು ಡಿಗ್ರಿ ತಣ್ಣಗಾದರೆ ಇಪ್ಪತ್ತು ಗ್ರಾಂಗಿಂತ ಜಾಸ್ತಿ ನೀರು ಗಾಳಿಯಿಂದ ಹೊರಬೀಳಲೇಬೇಕು. ನಾಲ್ಕೈದು ಟೀ ಚಮಚ ಅಷ್ಟೇ, ಆದರೆ ಎಲ್ಲ ಗಾಜನ್ನೂ ಬೆಳ್ಳಗೆ ಮಾಡುವುದಕ್ಕೆ ಅದು ಧಾರಾಳ ಸಾಕು. ಅದು ಗಾಜಿನ ಮೇಲೇ ಯಾಕೆ ಬೀಳುತ್ತದೆ ಅಂದರೆ, ಗಾಜು ತೆಳು, ತೆರೆದ ಆಕಾಶಕ್ಕೆ ಮುಖ ಮಾಡಿಕೊಂಡು ತನ್ನ ಬಿಸಿಯನ್ನೆಲ್ಲ ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮುಂದಿನ ಗಾಜು ಓರೆಯಾಗಿ ಆಕಾಶ ನೋಡುತ್ತಿರುವುದರಿಂದ ಅದರ ಮೇಲೆ ಹನಿ ಜಾಸ್ತಿ. ಕೆಳಗೆ ಕಾರ್ಪೆಟ್ಟಿನಲ್ಲಿ ನೀರಿದ್ದರೆ ಅಲ್ಲಿಂದ ಆವಿ ಏಳುತ್ತಲೇ ಇರುತ್ತದೆ, ಗಾಜಿಗೆ ತಾಗಿ ನೀರಾಗುತ್ತಲೇ ಇರುತ್ತದೆ. ಬೆಳಗಿನವರೆಗೂ ಇದೇ ಕೆಲಸ. ಬಿಸಿಲೇರಿದ ಮೇಲೆ ಗಾಜು ಒಣಗುತ್ತದೆ, ಆದರೆ ಬಾಗಿಲು ಮುಚ್ಚಿದ್ದರೆ ಆ ನೀರು ಹೊರಗೆ ಹೋಗುವುದಿಲ್ಲ, ಸೀಟು ಕಾರ್ಪೆಟ್ಟಿಗೇ ವಾಪಸ್ ಸೇರುತ್ತದೆ.

ಇದನ್ನು ಓಡಿಸುವಾಗ ಕಟ್ಟುವ ಮಂಜಿನ ಜೊತೆ ಬೆರೆಸಬೇಡಿ. ಸುಮ್ನೆ ಕೂತ ಒಬ್ಬ ಮನುಷ್ಯನ ಉಸಿರು ಮತ್ತು ಮೈಯಿಂದ ಗಂಟೆಗೆ ಸುಮಾರು 30ರಿಂದ 50 ಗ್ರಾಂ ನೀರು ಆವಿಯಾಗಿ ಬರುತ್ತದೆ. ನಾಲ್ಕು ಜನ ಒದ್ದೆ ಬಟ್ಟೆಯಲ್ಲಿ ಕೂತು ಕಿಟಕಿ ಮುಚ್ಚಿಕೊಂಡರೆ ಎಂಥ ಹೊಸ ಕಾರಿನ ಗಾಜೂ ಮಬ್ಬಾಗುತ್ತದೆ. ಅದು ದೋಷ ಅಲ್ಲ. ಇನ್ನೊಂದು, ಬಿಸಿ ಸೆಕೆಯ ದಿನ ಎಸಿ ಜೋರಾಗಿ ಹಾಕಿದಾಗ ಗಾಜಿನ ಹೊರಗಡೆ ಮಂಜು ಕಟ್ಟುವುದುಂಟು. ವೈಪರ್ ಒಮ್ಮೆ ಓಡಿಸಿ, ಹೋದರೆ ಹೊರಗಿನದು. ಎಸಿ ತಂಪು ಸ್ವಲ್ಪ ಕಡಿಮೆ ಮಾಡಿ ಗಾಳಿಯನ್ನು ಗಾಜಿನಿಂದ ಬೇರೆ ಕಡೆ ತಿರುಗಿಸಿದರೆ ಮುಗಿಯಿತು. ನಿಮ್ಮದು ಇವೆರಡೂ ಅಲ್ಲ.

ಈಗ ಕಾರ್ಪೆಟ್ ವಿಷಯ. ಕೈಯಲ್ಲಿ ಮುಟ್ಟಿ ಒಣಗಿದೆ ಅಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಕಾರಿನ ಕಾರ್ಪೆಟ್ ಒಂದೇ ಪದರ ಅಲ್ಲ. ಮೇಲೆ ತೆಳ್ಳನೆಯ ಬಟ್ಟೆ, ಅದರಡಿ ಎರಡು ಮೂರು ಬೆರಳು ದಪ್ಪದ ಫೋಮ್ ಅಥವಾ ನಾರಿನ ಹಾಸು, ಅದರಡಿ ತಗಡು. ನೀರು ಬರುವುದು ಸಾಮಾನ್ಯವಾಗಿ ತಗಡಿನ ಮೇಲೆ ಹರಿದುಕೊಂಡು, ಹಾಗಾಗಿ ಮೊದಲು ನೆನೆಯುವುದು ಕೆಳಗಿನ ಫೋಮ್. ನಾನು ಮೊನ್ನೆ ಮೊನ್ನೆ ಒಂದು ಕಾರು ನೋಡಿದೆ. ಮೇಲೆ ಕೈಯಾಡಿಸಿದರೆ ಬೆಚ್ಚಗೆ, ಒಣಗಿದ ಹಾಗೆಯೇ ಇತ್ತು. ಹೆಬ್ಬೆರಳು ಇಟ್ಟು ಮೈಭಾರ ಹಾಕಿ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ, ಆಮೇಲೆ ಉಗುರಿನ ಸುತ್ತ ನೀರು ಒಸರಿತು, ಬೆರಳು ತೆಗೆದ ತಕ್ಷಣ ಮತ್ತೆ ಒಳಗೆ ಹೀರಿಕೊಂಡಿತು. ಆ ಒಂದು ಕಡೆಯ ಫೋಮ್ ಹಿಂಡಿದರೆ ಮೂರು ಲೀಟರ್ ಹತ್ತಿರ ಬಂತು. ಮಾಲೀಕರಿಗೆ ನಂಬುವುದಕ್ಕೇ ಆಗಲಿಲ್ಲ.

ನೀವೂ ಹಾಗೆ ಮಾಡಿ. ಮ್ಯಾಟ್ ತೆಗೆದು, ನ್ಯೂಸ್‌ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಾರ್ಪೆಟ್ ಮೇಲಿಟ್ಟು ಅದರ ಮೇಲೆ ಹಿಮ್ಮಡಿ ಊರಿ ಅರ್ಧ ನಿಮಿಷ ನಿಲ್ಲಿ. ಮುಂದೆ ಎರಡು ಕಡೆ, ಹಿಂದೆ ಎರಡು ಕಡೆ, ನಾಲ್ಕೂ ಕಡೆ ಬೇರೆ ಬೇರೆ ಪೇಪರ್. ಹಿಂದಿನ ಸೀಟಿನ ಕಾಲ ಬಳಿ ಬಿಡಬೇಡಿ, ಯಾಕೆಂದರೆ ಮುಂದೆ ಸೋರಿದ ನೀರು ಬ್ರೇಕ್ ಹಾಕುವಾಗ, ಏರು ಹತ್ತುವಾಗ ಹಿಂದಕ್ಕೂ ಮುಂದಕ್ಕೂ ಓಡಾಡಿ ತಗ್ಗಿನಲ್ಲಿ ನಿಲ್ಲುತ್ತದೆ. ಆಮೇಲೆ ಡಿಕ್ಕಿ ತೆಗೆದು ಹಲಗೆ ಎತ್ತಿ ಸ್ಟೆಪ್ನಿ ಇಡುವ ಗುಂಡಿ ನೋಡಿ. ಅಲ್ಲಿ ನೀರು ನಿಂತಿರುವುದು ಎಷ್ಟೋ ಜನಕ್ಕೆ ಪಂಕ್ಚರ್ ಆದ ದಿನವೇ ಗೊತ್ತಾಗುವುದು.

ಪೇಪರ್ ಒದ್ದೆಯಾಯಿತು ಅಂದುಕೊಳ್ಳಿ. ಬಿಳಿ ಟಿಶ್ಯೂ ಒಂದನ್ನು ಅದೇ ಜಾಗದಲ್ಲಿ ಒತ್ತಿ ಬೆಳಕಿಗೆ ಹಿಡಿಯಿರಿ. ಬರೀ ನೀರಾದರೆ ಬಣ್ಣ ಇರುವುದಿಲ್ಲ, ಹೆಚ್ಚೆಂದರೆ ಮಣ್ಣಿನ ಬಣ್ಣ. ಹಸಿರು, ಗುಲಾಬಿ, ನೀಲಿ ಅಥವಾ ಕಿತ್ತಳೆ ಛಾಯೆ ಇದ್ದು ಬೆರಳಿಗೆ ಜಾರಿದ ಹಾಗೆ, ಅಂಟಿದ ಹಾಗೆ ಆದರೆ ಅದು ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಆಗ ಡ್ಯಾಶ್‌ಬೋರ್ಡ್ ಹಿಂದಿರುವ ಹೀಟರ್ ಕೋರ್ (ಬಿಸಿ ಕೂಲಂಟ್ ಹರಿದು ಒಳಗಿನ ಗಾಳಿಯನ್ನು ಬಿಸಿ ಮಾಡುವ ಸಣ್ಣ ರೇಡಿಯೇಟರ್) ಸೋರುತ್ತಿದೆ ಅಥವಾ ಅದರ ಪೈಪು ಸೋರುತ್ತಿದೆ. ಇದಕ್ಕೆ ಇನ್ನೂ ಗುರುತುಗಳಿವೆ. ಹೀಟರ್ ಹಾಕಿದಾಗ ಸಿಹಿ ಸಿಹಿ ವಾಸನೆ, ಗಾಜಿನ ಮೇಲೆ ಒರೆಸಿದರೆ ಹೋಗದ ಜಿಡ್ಡು ಮಂಜು, ಬಾನೆಟ್ ಒಳಗಿನ ಕೂಲಂಟ್ ಬಾಟಲಿಯಲ್ಲಿ ಮಟ್ಟ ಮೆಲ್ಲಗೆ ಇಳಿಯುವುದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಾಟಲಿಗೆ ಗುರುತು ಹಾಕಿಟ್ಟು ವಾರ ಬಿಟ್ಟು ನೋಡಿ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ, ಕುದಿವ ನೀರು ಮುಖಕ್ಕೆ ಹಾರುತ್ತದೆ. ಕೂಲಂಟ್ ನಾಲಿಗೆಗೆ ಸಿಹಿ, ಆದರೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ನೋಡುವುದು ಬೇಡ, ಮಕ್ಕಳು, ನಾಯಿ ಬೆಕ್ಕು ಹತ್ತಿರ ಬರದ ಹಾಗೆ ನೋಡಿಕೊಳ್ಳಿ. ಹೀಟರ್ ಕೋರ್ ಬದಲಿಸುವುದು ಮನೆಯಲ್ಲಿ ಆಗುವ ಕೆಲಸ ಅಲ್ಲ, ಬಹಳ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಆದರೆ ಮುಂದಕ್ಕೆ ಹಾಕಬೇಡಿ, ಕೂಲಂಟ್ ಖಾಲಿಯಾದರೆ ಎಂಜಿನ್ನೇ ಹೋಗುತ್ತದೆ.

ಬರೀ ನೀರಾದರೆ ಕೇಳಬೇಕಾದ ಪ್ರಶ್ನೆ ಒಂದೇ. ಮಳೆ ಬಂದ ಮೇಲೆ ಜಾಸ್ತಿಯಾಗುತ್ತದಾ, ಅಥವಾ ಒಣ ದಿನದಲ್ಲಿ ಎಸಿ ಹಾಕಿದ ಮೇಲೂ ಆಗುತ್ತದಾ?

ಮಳೆಯೇ ಇಲ್ಲದೆ ಎಸಿ ಹಾಕಿದಾಗ ಒದ್ದೆಯಾಗುವುದಾದರೆ ಎಸಿ ಡ್ರೈನ್ ಪೈಪ್ ಕಟ್ಟಿಕೊಂಡಿದೆ. ಎಸಿಯ ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿದು ಒಂದು ಸಣ್ಣ ಪೈಪಿನಿಂದ ಕಾರಿನ ಕೆಳಗೆ ತೊಟ್ಟಿಕ್ಕಬೇಕು. ಆ ಪೈಪಿನಲ್ಲಿ ಧೂಳು, ಎಲೆಚೂರು ಸೇರಿ ಕೆಸರಾದರೆ ನೀರು ಉಕ್ಕಿ ಒಳಗೆ ಬರುತ್ತದೆ. ತಿರುವಿನಲ್ಲಿ ಡ್ಯಾಶ್‌ಬೋರ್ಡ್ ಒಳಗಿಂದ ಗುಳುಗುಳು ಸದ್ದು ಕೇಳುವುದೂ ಇದೇ ಕಾರಣಕ್ಕೆ. ಸೆಕೆ ಇರುವ ದಿನ ಎಸಿ ಪೂರ್ತಿ ತಂಪಿಗಿಟ್ಟು, ಹೊರಗಿನ ಗಾಳಿಯ ಮೋಡಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಆದರೆ ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿಟ್ಟರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಜೀವವನ್ನೇ ತೆಗೆಯುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳದಿದ್ದರೆ ಪೈಪಿನ ಬಾಯಿಗೆ ಕೆಳಗಿನಿಂದ ಮೆತ್ತನೆಯ ಪ್ಲಾಸ್ಟಿಕ್ ತಂತಿ ತೂರಿಸಿ ಮೆಲ್ಲಗೆ ಆಡಿಸಿ. ಕಂಪ್ರೆಸರಿನ ಜೋರು ಗಾಳಿ ಹೊಡೆಯಬೇಡಿ, ಒಳಗಡೆ ಪೈಪು ಕಳಚಿಕೊಂಡರೆ ಇದ್ದ ಕೆಲಸ ಎರಡಾಗುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗಂತೂ ತಲೆ ಹಾಕಲೇಬೇಡಿ.

ಮಳೆಯ ನಂತರ ಜಾಸ್ತಿಯಾಗುವುದಾದರೆ ಹುಡುಕಾಟ ಸ್ವಲ್ಪ ಉದ್ದ. ನಿಮ್ಮ ವಿವರ ಓದಿದರೆ ನನಗೆ ಇದರ ಮೇಲೇ ಅನುಮಾನ.

ಮೊದಲು ಬಾನೆಟ್ ಎತ್ತಿ. ಮುಂದಿನ ಗಾಜಿನ ಕೆಳಗೆ, ವೈಪರ್ ಬುಡದಲ್ಲಿ ಜಾಲರಿಯಂಥ ಕಪ್ಪು ಪ್ಲಾಸ್ಟಿಕ್ ಇದೆ ಅಲ್ವಾ? ಅದರಡಿ ಒಂದು ತೊಟ್ಟಿ ಇರುತ್ತದೆ. ಗಾಜಿನ ಮೇಲಿಂದ ಇಳಿದ ಮಳೆನೀರು ಅದಕ್ಕೆ ಬಿದ್ದು ಎರಡೂ ತುದಿಯ ತೂತಿನಿಂದ ಹೊರಗೆ ಹೋಗಬೇಕು. ಮರದಡಿ ನಿಲ್ಲುವ ಕಾರಾದರೆ ಅಲ್ಲಿ ಎಲೆ ಕೊಳೆತು ಕಪ್ಪು ಗೊಬ್ಬರ ಆಗಿರುತ್ತದೆ. ತೂತು ಮುಚ್ಚಿದರೆ ನೀರು ಏರುತ್ತದೆ, ಕಾರಿನೊಳಕ್ಕೆ ಗಾಳಿ ಎಳೆದುಕೊಳ್ಳುವ ಬಾಯಿ ಅಲ್ಲೇ ಇರುವುದರಿಂದ ಅದರ ಮೂಲಕ ಬ್ಲೋವರಿಗೆ, ಅಲ್ಲಿಂದ ಕಾರ್ಪೆಟ್ಟಿಗೆ. ಕೈ ಹಾಕಿ ಬಾಚಿ ತೆಗೆಯಿರಿ, ಒಂದು ಚೊಂಬು ನೀರು ಸುರಿದು ಎರಡೂ ಕಡೆ ಚಕ್ರದ ಹಿಂದೆ ಇಳಿಯುತ್ತದಾ ನೋಡಿ. ಆಗಲೇ ಒಳಬರುವ ಗಾಳಿಯ ಧೂಳು ಸೋಸುವ ಕ್ಯಾಬಿನ್ ಫಿಲ್ಟರ್ ಕೂಡ ಹೊರಗೆ ತೆಗೆಯಿರಿ. ಅದು ಒದ್ದೆ ಇದ್ದರೆ, ನೀರಿನ ಕಲೆ ಇದ್ದರೆ ದಾರಿ ಇದೇ ಅಂತ ಹೆಚ್ಚುಕಡಿಮೆ ಖಚಿತ. ಮುಗ್ಗಲು ಹಿಡಿದ ಫಿಲ್ಟರ್ ಒಣಗಿಸಿ ಮತ್ತೆ ಹಾಕಬೇಡಿ, ಹೊಸದು ಹಾಕಿ, ಗಾಳಿ ಹೋಗುವ ಬಾಣದ ಗುರುತು ನೋಡಿಕೊಂಡು.

ಎರಡನೆಯದು ಬಾಗಿಲು. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅನುಭವ ಇರುವ ಮೆಕ್ಯಾನಿಕ್‌ಗಳೂ ಇಲ್ಲಿ ಎಡವುತ್ತಾರೆ. ಕಿಟಕಿ ಗಾಜು ಬಾಗಿಲೊಳಗೆ ಇಳಿಯುವ ಸಂದಿನಲ್ಲಿ ಮಳೆನೀರು ಒಳಗೆ ಹೋಗಿಯೇ ಹೋಗುತ್ತದೆ. ಅದು ದೋಷ ಅಲ್ಲ, ಬಾಗಿಲು ಮಾಡಿರುವುದೇ ಹಾಗೆ. ಒಳಗಿಳಿದ ನೀರು ಬಾಗಿಲ ತಳದ ಸಣ್ಣ ತೂತುಗಳಿಂದ ಹೊರಗೆ ಬೀಳುತ್ತದೆ. ಅದು ಕಾರಿನ ಒಳಭಾಗಕ್ಕೆ ಬರದ ಹಾಗೆ ತಡೆಯುವುದು ಡೋರ್ ಪ್ಯಾಡ್ (ಬಾಗಿಲ ಒಳಮೈಯ ಹಲಗೆ) ಹಿಂದೆ ಕಪ್ಪು ಅಂಟಿನಲ್ಲಿ ಅಂಟಿಸಿರುವ ಒಂದು ಪ್ಲಾಸ್ಟಿಕ್ ಹಾಳೆ ಅಥವಾ ತೆಳು ಫೋಮ್ ಹಾಳೆ. ಒಬ್ಬರ ಕಾರಿನಲ್ಲಿ ಮುಂದಿನ ಗಾಜಿನ ಅಂಚನ್ನು ಬೇರೊಂದು ಕಡೆ ಎರಡು ಸಲ ಸೀಲ್ ಮಾಡಿಸಿದ್ದರು, ಮತ್ತೂ ಸೋರುತ್ತಿತ್ತು. ನಾನು ಡೋರ್ ಪ್ಯಾಡ್ ಬಿಚ್ಚಿ ನೋಡಿದರೆ ಹಾಳೆಯ ಕೆಳಮೂಲೆ ಒಂದು ಗೇಣು ಬಿಟ್ಟುಕೊಂಡು ಒಳಕ್ಕೆ ಮಡಚಿತ್ತು. ಸ್ಪೀಕರ್ ಬದಲಿಸುವಾಗ ಯಾರೋ ಕಿತ್ತು, ಸರಿಯಾಗಿ ಒತ್ತದೆ ಬಿಟ್ಟಿದ್ದರು. ಕಿಟಕಿಯ ಮೇಲೆ ಮಗ್ಗಿನಲ್ಲಿ ನೀರು ಹೊಯ್ದೆ. ಆ ಮಡಿಕೆಯ ಮೇಲೆ ನೀರು ನೂಲಿನಂತೆ ಇಳಿದು, ಬಾಗಿಲ ರಬ್ಬರ್ ಬೀಡಿಂಗ್ ದಾಟಿ, ಕಾರ್ಪೆಟ್ ಅಂಚು ಮುಚ್ಚುವ ಹೊಸ್ತಿಲ ಪಟ್ಟಿಯಡಿ ಸದ್ದಿಲ್ಲದೆ ಮಾಯ. ಹೊರಗಿಂದ ನೋಡುವವರಿಗೆ ಒಂದು ಹನಿಯೂ ಕಾಣುವುದಿಲ್ಲ. ನಿಮ್ಮ ಕಾರಿನಲ್ಲೂ ಸ್ಪೀಕರ್, ಪವರ್ ವಿಂಡೋ, ಲಾಕ್ ಕೆಲಸ ಏನಾದರೂ ಈಚೆಗೆ ಆಗಿದ್ದರೆ ಅದೇ ಬಾಗಿಲಿಂದ ಶುರು ಮಾಡಿ. ಹಾಳೆಯನ್ನು ಬ್ಯೂಟೈಲ್ ಟೇಪಿನಿಂದ (ಅಂಟಂಟಾದ ರಬ್ಬರ್ ಟೇಪು) ಮತ್ತೆ ಅಂಟಿಸಬೇಕು. ಹುಳಿ ವಾಸನೆ ಬರುವ ಸಾಮಾನ್ಯ ಸಿಲಿಕೋನ್ ಬೇಡ, ಅದು ತಗಡಿಗೆ ತುಕ್ಕು ಹಿಡಿಸುತ್ತದೆ. ಬಾಗಿಲ ತಳದ ತೂತುಗಳನ್ನೂ ಒಂದು ಕಡ್ಡಿಯಿಂದ ಚುಚ್ಚಿ ಬಿಡಿಸಿ.

ಬಾಗಿಲ ರಬ್ಬರ್ ಬೀಡಿಂಗ್ ಪರೀಕ್ಷೆ ಸುಲಭ. ಬಾಗಿಲಿಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಬರಬೇಕು. ಜಾರಿ ಬಂದರೆ ಅಲ್ಲಿ ರಬ್ಬರ್ ಚಪ್ಪಟೆಯಾಗಿದೆ.

ಸನ್‌ರೂಫ್ ಇದ್ದರೆ ಅದರ ಮೂಲೆಗಳಿಂದ ಕಂಬಗಳೊಳಗೆ ಇಳಿಯುವ ಡ್ರೈನ್ ಪೈಪುಗಳಿರುತ್ತವೆ, ಅವೂ ಕಟ್ಟಿಕೊಳ್ಳುತ್ತವೆ. ಚಾವಣಿ ಬಟ್ಟೆಯಲ್ಲಿ ಕಂದು ಕಲೆ ಕಂಡರೆ ಅದೇ. ಹಿಂದುಗಡೆ ಸ್ಟೆಪ್ನಿ ಗುಂಡಿಯಲ್ಲಿ ನೀರಿದ್ದರೆ ಟೈಲ್ ಲ್ಯಾಂಪ್ ಹಿಂದಿನ ಗ್ಯಾಸ್ಕೆಟ್, ಡಿಕ್ಕಿ ಬಾಗಿಲ ರಬ್ಬರ್, ಮೇಲಿನ ಬ್ರೇಕ್ ಲೈಟು, ಆಂಟೆನಾ ಬುಡ, ಇಷ್ಟು ನೋಡಿ. ಬಂಪರ್ ಹಿಂದೆ ಗಾಳಿ ಹೊರಹೋಗುವ ರಬ್ಬರ್ ರೆಕ್ಕೆಯ ಕಿಂಡಿಗಳೂ ಇರುತ್ತವೆ, ಅವು ಮುರಿದರೆ ಚಕ್ರ ಎರಚಿದ ನೀರು ಒಳಬರುತ್ತದೆ, ಮುಚ್ಚಿಹೋದರೆ ಒಳಗಿನ ತೇವದ ಗಾಳಿ ಹೊರಗೇ ಹೋಗುವುದಿಲ್ಲ. ಡಿಕ್ಕಿಯಲ್ಲಿ ಸಾಮಾನು ಒತ್ತಿ ತುಂಬುವವರು ಇದನ್ನು ನೆನಪಿಟ್ಟುಕೊಳ್ಳಿ.

ಇಷ್ಟರಲ್ಲೂ ಸಿಗದಿದ್ದರೆ ಪೈಪಿನಲ್ಲಿ ನೀರು ಬಿಟ್ಟು ನೋಡುವುದೇ ದಾರಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗೆ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ಒಂದೊಂದು ಜಾಗಕ್ಕೂ ಐದು ನಿಮಿಷ, ನೀರು ಮೆಲ್ಲಗೆ ಹರಿಯಲಿ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಯಾವುದು ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ಅನುಮಾನ ಇರುವ ಕಡೆ ಒಳಗೆ ಟಾಲ್ಕಂ ಪೌಡರ್ ಉದುರಿಸಿಟ್ಟರೆ ನೀರು ಬಂದ ಗೆರೆ ಬರೆದ ಹಾಗೆ ಕಾಣುತ್ತದೆ. ಪ್ರೆಶರ್ ವಾಷರ್ ಬೇಡ. ಮಳೆ ಅಷ್ಟು ಜೋರಾಗಿ ಹೊಡೆಯುವುದಿಲ್ಲ, ಸೋರದ ರಬ್ಬರಿನಿಂದಲೂ ನೀರು ನುಗ್ಗಿ ದಾರಿ ತಪ್ಪಿಸುತ್ತದೆ.

ಸೋರಿಕೆ ನಿಲ್ಲಿಸಿದ ಮೇಲೆ ಒಣಗಿಸುವುದು. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ನೀವು ಇಟ್ಟ ಸಿಲಿಕಾ ಜೆಲ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಒಂದು ಕೆಜಿ ಸಿಲಿಕಾ ಜೆಲ್ ಹೆಚ್ಚೆಂದರೆ 300ರಿಂದ 400 ಗ್ರಾಂ ನೀರು ಹೀರುತ್ತದೆ, ಆಮೇಲೆ ಅದನ್ನು ಬಿಸಿ ಮಾಡಿ ಒಣಗಿಸದೆ ಇಟ್ಟರೆ ಸುಮ್ನೆ ಭಾರ. ಕಾರ್ಪೆಟ್ಟಿನಲ್ಲಿ ಮೂರು ಲೀಟರ್ ಇದ್ದರೆ ಚೀಲ ಏನು ಮಾಡೀತು? ಎಲ್ಲ ಒಣಗಿದ ಮೇಲೆ ಉಳಿದ ಚೂರು ತೇವಕ್ಕೆ ಅದು ಒಳ್ಳೆಯದು, ಅಷ್ಟೇ. ನೀರು ಕುಡಿದು ದ್ರವವಾಗುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಕಾರಿನಲ್ಲಿ ಇಡಲೇಬೇಡಿ, ಮಗುಚಿದರೆ ಆ ಉಪ್ಪುನೀರು ಕಾರ್ಪೆಟ್ಟಿಗಿಳಿದು ತಗಡನ್ನು ತಿನ್ನುತ್ತದೆ.

ಮಾಡಬೇಕಾದ್ದು ಹೀಗೆ. ನೀರೆಳೆಯುವ ವ್ಯಾಕ್ಯೂಮ್ ಕ್ಲೀನರಿನಿಂದ ಒತ್ತಿ ಒತ್ತಿ ಎಷ್ಟು ಬರುತ್ತದೋ ಅಷ್ಟು ಎಳೆಯಿರಿ. ಹೊಸ್ತಿಲ ಪಟ್ಟಿ ಬಿಚ್ಚಿ ಕಾರ್ಪೆಟ್ ಅಂಚು ಎತ್ತಿ, ತಗಡಿಗೂ ಫೋಮಿಗೂ ನಡುವೆ ಮರದ ತುಂಡು ಇಟ್ಟು ಫ್ಯಾನ್ ಗಾಳಿ ಆ ಸಂದಿಗೇ ಬೀಳುವ ಹಾಗೆ ಇಡಿ. ಎರಡು ಮೂರು ದಿನ ಬೇಕಾಗುತ್ತದೆ. ಫೋಮ್ ತುಂಬಾ ನೆನೆದಿದ್ದರೆ ಸೀಟು ಬಿಚ್ಚಿ ಕಾರ್ಪೆಟ್ ಹೊರಗೆ ತೆಗೆಯುವುದೇ ಒಳ್ಳೆಯದು. ಆದರೆ ಸೀಟಿನಡಿ ಹಳದಿ ಬಣ್ಣದ ವೈರ್ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಅಥವಾ ಸೀಟ್ ಬೆಲ್ಟಿನದು, ಮುಟ್ಟಬೇಡಿ, ಗೊತ್ತಿರುವವರ ಕೈಗೆ ಬಿಡಿ. ಕೆಲವು ಕಾರುಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಕಾರ್ಪೆಟ್ ಅಡಿ ಇರುತ್ತವೆ. ನೀರು ಅಲ್ಲಿಗೆ ತಲುಪಿದರೆ ಎಷ್ಟು ಖರ್ಚು, ಎಷ್ಟು ಒದ್ದಾಟ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಂಜಿಗಿಂತ ನನಗೆ ಅದರದ್ದೇ ಚಿಂತೆ. ಬಿಸಿಲು ಇರುವ ಮಧ್ಯಾಹ್ನ ಎಲ್ಲ ಬಾಗಿಲೂ ತೆಗೆದಿಡಿ. ಕಾದ ಕಾರಿನಲ್ಲಿ ನೀರೆಲ್ಲ ಆವಿಯಾಗಿ ಗಾಳಿಯಲ್ಲಿರುತ್ತದೆ, ಅದೇ ಹೊತ್ತಿಗೆ ಹೊರಗೆ ಬಿಡಬೇಕು. ಸಂಜೆ ತಣ್ಣಗಾದ ಮೇಲೆ ತೆಗೆದರೆ ಏನೂ ಉಪಯೋಗ ಇಲ್ಲ.

ಇದೆಲ್ಲ ಮುಗಿಯುವವರೆಗೆ ಬೆಳಗ್ಗೆ ಓಡಿಸಬೇಕಲ್ಲ, ಅದಕ್ಕೆ ಹೀಗೆ ಮಾಡಿ. ಕೈಯಲ್ಲಿ ಒರೆಸಬೇಡಿ, ಕೈಯ ಜಿಡ್ಡಿಗೆ ಮಂಜು ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಹನಿಗಳನ್ನು ಒಣ ಮೈಕ್ರೋಫೈಬರ್ ಬಟ್ಟೆಗೆ ಹೀರಿಸಿ, ಬಟ್ಟೆಯನ್ನು ಕಾರಿನ ಹೊರಗೆ ಹಿಂಡಿ, ಒಳಗೆ ಬಿಡಬೇಡಿ. ಗಾಳಿ ಒಳಗೇ ಸುತ್ತುವ ರಿಸರ್ಕ್ಯುಲೇಶನ್ ಬಟನ್ ಆಫ್ ಮಾಡಿ, ಹೊರಗಿನ ಗಾಳಿ ಬರಲಿ. ಗಾಳಿ ಮುಂದಿನ ಗಾಜಿಗೆ ಬೀಳುವ ಡಿಫ್ರಾಸ್ಟ್ ಕಡೆಗೆ ತಿರುಗಿಸಿ ಬ್ಲೋವರ್ ಜೋರಾಗಿಡಿ, ಎಸಿ ಆನ್, ಜೊತೆಗೇ ಹೀಟರ್ ಕೂಡ. ಎಸಿ, ಹೀಟರ್ ಎರಡೂ ಒಟ್ಟಿಗೆ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಎಸಿ ಗಾಳಿಯ ನೀರನ್ನು ತೆಗೆಯುತ್ತದೆ, ಹೀಟರ್ ಆ ಒಣಗಾಳಿಯನ್ನು ಬಿಸಿ ಮಾಡಿ ಗಾಜಿಗೆ ಕಳಿಸುತ್ತದೆ, ಬಿಸಿಯಾದ ಒಣಗಾಳಿಗೆ ನೀರು ಹೀರುವ ಶಕ್ತಿ ಜಾಸ್ತಿ. ಗಾಜು ತಿಳಿಯಾದ ಕೂಡಲೇ ಎಸಿ ಆಫ್ ಮಾಡಬೇಡಿ. ಕಾಯಿಲ್ ಮೇಲೆ ನಿಂತ ನೀರೆಲ್ಲ ಆವಿಯಾಗಿ ಒಂದೇ ಸಲ ಗಾಜಿಗೆ ಬಡಿದು ಕಣ್ಣೆದುರು ಬೆಳ್ಳಗಾಗಿಬಿಡುತ್ತದೆ, ಓಡುತ್ತಿರುವಾಗ ಅದು ಅಪಾಯ. ಹೊರಗೆ ಸೊನ್ನೆ ಡಿಗ್ರಿ ಹತ್ತಿರದ ಚಳಿ ಇದ್ದರೆ ಬಹಳ ಕಾರುಗಳಲ್ಲಿ ಎಸಿಯ ಕಂಪ್ರೆಸರ್ ಓಡುವುದೇ ಇಲ್ಲ. ಪರವಾಗಿಲ್ಲ, ಅಷ್ಟು ತಣ್ಣನೆಯ ಗಾಳಿಯಲ್ಲಿ ನೀರು ಇರುವುದೇ ಕಡಿಮೆ, ಬಿಸಿ ಮಾಡಿ ಬಿಟ್ಟರೆ ಸಾಕು.

ಗಾಜಿನ ಒಳಮೈ ಒಮ್ಮೆ ಚೆನ್ನಾಗಿ ತೊಳೆಯಿರಿ. ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ಕಿನಿಂದ ಏಳುವ ಆವಿ, ಧೂಳು, ಹೊಗೆ ಎಲ್ಲ ಸೇರಿ ಅಲ್ಲಿ ಎಣ್ಣೆಯ ಪೊರೆ ಕಟ್ಟಿರುತ್ತದೆ. ಗ್ಲಾಸ್ ಕ್ಲೀನರ್, ಎರಡು ಬಟ್ಟೆ, ಒಂದು ಒದ್ದೆ ಒಂದು ಒಣ. ಒಳಗೆ ಮೇಲಿಂದ ಕೆಳಗೆ, ಹೊರಗೆ ಅಡ್ಡಕ್ಕೆ ಒರೆಸಿದರೆ ಗೆರೆ ಉಳಿದಾಗ ಯಾವ ಕಡೆಯದು ಅಂತ ಗೊತ್ತಾಗುತ್ತದೆ. ಹಿಂದಿನ ಗಾಜಿನ ಡಿಫಾಗರ್ ಗೆರೆಗಳ ಮೇಲೆ ಗೆರೆಯ ಉದ್ದಕ್ಕೇ ಮೆತ್ತಗೆ ಒರೆಸಿ, ಬ್ಲೇಡ್ ತಾಗಿಸಬೇಡಿ. ಶೇವಿಂಗ್ ಫೋಮ್ ಹಚ್ಚಿ ಒರೆಸಿದರೆ ಮಂಜು ಹಿಡಿಯುವುದಿಲ್ಲ ಅನ್ನುವುದು ನಿಜವೇ, ಅದರ ಸೋಪಿನ ಪದರದಿಂದ ನೀರು ಹನಿಯಾಗದೆ ಹರಡಿಕೊಳ್ಳುತ್ತದೆ. ಆದರೆ ಕೆಲವೇ ದಿನ, ರಾತ್ರಿ ಎದುರಿನ ಲೈಟಿಗೆ ಗಾಜು ಮಿಂಚುವುದೂ ಉಂಟು. ಮುಂದಿನ ಗಾಜಿಗೆ ನಾನು ಹಚ್ಚುವುದಿಲ್ಲ.

ಮೊದಲ ಕೆಲಸ ನಾಲ್ಕು ಪೇಪರಿನ ಪರೀಕ್ಷೆ, ಇವತ್ತೇ ಮಾಡಿ. ಯಾವ ಮೂಲೆ ಒದ್ದೆ, ಟಿಶ್ಯೂ ಬಣ್ಣ ಏನು, ಆ ಬಾಗಿಲಲ್ಲಿ ಈಚೆಗೆ ಏನಾದರೂ ಕೆಲಸ ಆಗಿದೆಯಾ ಅನ್ನುವ ಮೂರು ವಿಷಯ ಬರೆದಿಟ್ಟುಕೊಳ್ಳಿ, ಮೆಕ್ಯಾನಿಕ್ ಹತ್ತಿರ ಹೋದರೂ ಅದನ್ನೇ ಮೊದಲು ಹೇಳಿ. ದುರಸ್ತಿ ಆದ ಮೇಲೆ ಹೊಸ್ತಿಲ ಪಟ್ಟಿಗಳನ್ನು ಸುಮ್ನೆ ಮೇಲಿಟ್ಟಿರಿ, ಪೂರ್ತಿ ಒತ್ತಿ ಕೂರಿಸಬೇಡಿ. ಒಂದು ಜೋರು ಮಳೆ ಬಂದು ಹೋಗಲಿ, ಮಾರನೆಯ ದಿನ ಅದೇ ಜಾಗಗಳಲ್ಲಿ ಮತ್ತೆ ಪೇಪರ್ ಇಟ್ಟು ನಿಲ್ಲಿ. ನಾಲ್ಕೂ ಒಣಗಿ ಬಂದರೆ ಆಗ ಕೂರಿಸಿ.